ಲೆಕ್ಕ ಕಲಿಯಲು ಹೋದ ಹೆಣ್ಣುಮಕ್ಕಳು

ಕಡತ ಎಂದರೆ ಈಗ ಎಲ್ಲರಿಗೂ ಸರ್ಕಾರಿ ಕಛೇರಿಯ ಫೈಲು. ‘ಕಡತ ಇನ್ನೂ ಸಾಹೇಬರ ಟೇಬಲ್ಲಿಗೆ ಹೋಗಿಲ್ಲ’ ಎಂಬ ಮಾತನ್ನು ಕೇಳದವರು ಯಾರಿದ್ದಾರೆ? ಆದರೆ ನಮ್ಮ ಹಿರಿಯರ ಕಾಲದ ಕಡತ ಬೇರೆಯೇ ವಸ್ತು. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದರೆ ಒರೆಸಿ, ಮತ್ತೆ ಕರಿ ಬಳಿದು ಹೊಸದಾಗಿ ಬರೆಯಬಹುದಿತ್ತು. 1810ರಲ್ಲಿ ಮೈಸೂರಿನ ಇತಿಹಾಸವನ್ನು ಪ್ರಕಟಿಸಲು ತೊಡಗಿದ ಮಾರ್ಕ್ ವಿಲ್ಕ್ಸ್ ಈ ಕಡತವನ್ನು ನೋಡಿ, ಅದನ್ನು ಮಾಡುವ ಬಗೆಯನ್ನು ಕುತೂಹಲದಿಂದ ವರ್ಣಿಸಿದ್ದಾನೆ. ಅಂಗಡಿಯ ಸೆಟ್ಟರ ಲೆಕ್ಕವೂ ಶಾನುಭೋಗರ ಲೆಕ್ಕವೂ ಅದರಲ್ಲೇ ಇರುತ್ತಿದ್ದವು. ಹುಣಿಸೆಬೀಜ ಹುರಿದು, ಅರೆದು ಅಂಟು ಕಾಯಿಸುವ ಕೆಲಸ ಮನೆಯ ಹೆಂಗಸರ ಪಾಲಿಗೇ ಬಂದಿದ್ದೀತು ಎಂದು ನನ್ನ ಊಹೆ. ಅದರ ಮೇಲೆ ಬರೆಯುವುದು ಮಾತ್ರ ಗಂಡಸರ ಕೆಲಸ.

ಆ ವಿದ್ಯೆಗೆ ಶಾಲೆಯೆಂಬುದಿರಲಿಲ್ಲ. ಶಾನುಭೋಗರ ಮಗ ತಂದೆಯ ಪಕ್ಕದಲ್ಲಿ ಜಗುಲಿಯ ಮೇಲೆ ಕೂತು ಕಲಿಯಬೇಕು. ಪೇಟೆಯಲ್ಲಾದರೆ ಹುಡುಗ ಮಂಡಿಗೆ ಸೇರಬೇಕು. ಮೊದಲು ಕಸ ಗುಡಿಸಿ, ನೀರು ತಂದು, ಯಜಮಾನರ ಚೀಟಿಯನ್ನು ಇನ್ನೊಂದು ಅಂಗಡಿಗೆ ಮುಟ್ಟಿಸುವುದು. ವರ್ಷವಾದ ಮೇಲೆ ನಕಲು ಬರೆಯುವುದು. ಕೈ ಕುದುರಿದ ಮೇಲೆ ಕಿರ್ದಿ, ಕೊನೆಗೆ ಖಾತೆ. ಸಂಬಳ ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ‘ವಿದ್ಯೆ ಕಲೀತಾ ಇದಾನಲ್ಲ’ ಎಂದು ಮನೆಯವರು ಸಮಾಧಾನ ಪಡುತ್ತಿದ್ದರು. ಆ ಜಗುಲಿ ಹತ್ತುವುದಕ್ಕೆ ನೆಂಟಸ್ತನ ಬೇಕು, ಇಲ್ಲವೇ ಒಂದೇ ಜಾತಿಯವರಾಗಿರಬೇಕು, ಇಲ್ಲವೇ ದೊಡ್ಡವರೊಬ್ಬರ ಮಾತು ಬೇಕು. ಹಳ್ಳಿಯ ಲೆಕ್ಕದ ವಂಶಪಾರಂಪರ್ಯವನ್ನು ತೆಗೆದದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ. ಅದು 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಮುಂದೆ ಅಂಕಗಳ ಪಟ್ಟಿಯ ಮೇಲೆ ಆಯ್ಕೆಯಾಗಿ ಎಷ್ಟೋ ಹೆಣ್ಣುಮಕ್ಕಳು ಆ ಕುರ್ಚಿಯಲ್ಲಿ ಕೂತರು. ಪೇಟೆಯ ಲೆಕ್ಕಕ್ಕೆ ಮಾತ್ರ ಅಂಥ ಕಾಯಿದೆ ಯಾವುದೂ ಬರಲಿಲ್ಲ. ಅಲ್ಲಿಗೆ ಹೆಣ್ಣುಮಕ್ಕಳು ಬಂದದ್ದು ಬೇರೊಂದು ದಾರಿಯಿಂದ, ಅದಕ್ಕೆ ಆರ್ಟಿಕಲ್‌ಶಿಪ್ ಎಂದು ಹೆಸರು.

ಈಗಿನ ಹುಡುಗಿಯರು ಇಂಟರ್ನ್‌ಶಿಪ್ ಎನ್ನುತ್ತಾರೆ. ಬಿ.ಕಾಂ. ಓದುವಾಗ ಒಂದೆರಡು ತಿಂಗಳು ಆಡಿಟರ್ ಆಫೀಸಿಗೋ ತೆರಿಗೆ ಸಲಹೆಗಾರರ ಆಫೀಸಿಗೋ ಹೋಗಿ ಬಂದು, ಸರ್ಟಿಫಿಕೇಟು ತಂದು ಕೊಡುತ್ತಾರೆ. ಆರ್ಟಿಕಲ್‌ಶಿಪ್ ಅದರ ಹಿರಿಯಕ್ಕ. ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆನ್ನುವವರು ಒಬ್ಬ ಆಡಿಟರ ಕೈಕೆಳಗೆ ವರ್ಷಗಟ್ಟಲೆ ಇದ್ದು ಕೆಲಸ ಕಲಿಯಲೇಬೇಕು. ಬರಿಯ ಪರೀಕ್ಷೆ ಪಾಸು ಮಾಡಿದರೆ ಸಾಲದು. ಈ ಪದ್ಧತಿ ನಮಗೆ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ ಶಿಷ್ಯನಾಗುವವನ ತಂದೆ ಮೊದಲೇ ನೂರಾರು ಗಿನಿಗಳನ್ನು ಗುರುವಿಗೆ ಎಣಿಸಿಕೊಡಬೇಕಿತ್ತು. ಅದನ್ನು ಪ್ರೀಮಿಯಂ ಎನ್ನುತ್ತಿದ್ದರು. ಒಂದು ತರಹದ ವರದಕ್ಷಿಣೆಯೇ ಅನ್ನಿ. ಇಂಡಿಯಾದಲ್ಲಿ 1913ರ ಕಂಪನಿ ಕಾಯಿದೆ ಬಂದು, ಕಂಪನಿಗಳ ಲೆಕ್ಕವನ್ನು ಅರ್ಹತೆ ಪಡೆದವರೇ ನೋಡಬೇಕು ಎಂದಾದ ಮೇಲೆ, 1918ರಲ್ಲಿ ಮುಂಬಯಿ ಸರ್ಕಾರ ಲೆಕ್ಕಶಾಸ್ತ್ರದ ಡಿಪ್ಲೊಮಾ ಶುರುಮಾಡಿತು. ಜಿ.ಡಿ.ಎ. ಎಂದು ಅದರ ಹೆಸರು. ಅದಕ್ಕೂ ಪರೀಕ್ಷೆಯ ಜೊತೆಗೆ ಮೂರು ವರ್ಷದ ಆರ್ಟಿಕಲ್ ಕಡ್ಡಾಯ.

ಇದರೊಳಗೆ ಹೆಂಗಸರು ಕಾಲಿಟ್ಟ ಕಥೆಯನ್ನು ನಾನು ತರಗತಿಯಲ್ಲಿ ಹೇಳುವಾಗಲೆಲ್ಲ ಹುಡುಗಿಯರು ಬರೆಯುವುದನ್ನು ನಿಲ್ಲಿಸಿ ಕೇಳುತ್ತಾರೆ. ಲಂಡನ್ನಿನಲ್ಲಿ ಮೇರಿ ಹ್ಯಾರಿಸ್ ಸ್ಮಿತ್ ಎಂಬ ಹೆಂಗಸು ತಾನೇ ಆಫೀಸು ನಡೆಸುತ್ತಿದ್ದಳು. 1891ರಲ್ಲಿ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ಅರ್ಜಿ ಹಾಕಿದಳು. ಹೆಣ್ಣೆಂಬ ಕಾರಣಕ್ಕೆ ಅವರು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡದ್ದು 1920ರಲ್ಲಿ, ಅದೂ ಹಿಂದಿನ ವರ್ಷ ಪಾರ್ಲಿಮೆಂಟು ಕಾನೂನು ಮಾಡಿದ ಮೇಲೆ. ಅಷ್ಟು ಹೊತ್ತಿಗೆ ಆಕೆಗೆ ಎಪ್ಪತ್ತು ದಾಟಿತ್ತು. ಉಳಿದವರು ನಿವೃತ್ತಿಯಾಗಿ ಮೊಮ್ಮಕ್ಕಳನ್ನು ಆಡಿಸುವ ವಯಸ್ಸು.

ನಮ್ಮವರ ಪೈಕಿ ಮೊದಲನೆಯವರು ಮದರಾಸಿನ ಆರ್. ಶಿವಭೋಗಂ. ಕಾಯಿದೆ ಭಂಗ ಚಳವಳಿಗೆ ಇಳಿದು ಜೈಲಿಗೆ ಹೋದವರು. ಲೆಕ್ಕಶಾಸ್ತ್ರ ಓದಬೇಕೆಂದು ಅವರು ನಿರ್ಧಾರ ಮಾಡಿದ್ದು ಜೈಲಿನಲ್ಲೇ ಎನ್ನುತ್ತಾರೆ. ಹೊರಗೆ ಬಂದು, ಜಿ.ಡಿ.ಎ. ಮುಗಿಸಿ, 1933ರಲ್ಲಿ ದೇಶದ ಮೊದಲ ಮಹಿಳಾ ಅಕೌಂಟೆಂಟ್ ಆದರು. ಜೈಲಿಗೆ ಹೋದವರು ಆಡಿಟರಾಗಿ ನೋಂದಾಯಿಸಿಕೊಳ್ಳುವಂತಿಲ್ಲ ಎಂಬ ನಿಯಮ ಎದುರಾಯಿತು. ನ್ಯಾಯಾಲಯಕ್ಕೆ ಹೋಗಿ ಅದನ್ನೂ ಗೆದ್ದು, 1937ರಲ್ಲಿ ಸ್ವಂತ ಆಫೀಸು ತೆರೆದರು. ಸ್ವಾತಂತ್ರ್ಯ ಬಂದ ಮೇಲೆ 1949ರ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಹುಟ್ಟಿತು. ಅದರ ದಕ್ಷಿಣ ಭಾರತ ಶಾಖೆಗೆ 1955ರಿಂದ ಮೂರು ವರ್ಷ ಅಧ್ಯಕ್ಷರಾಗಿದ್ದವರೂ ಇದೇ ಶಿವಭೋಗಂ. ನಾವು ಆರ್ಟಿಕಲ್ ಸೇರುವಾಗ ಒಪ್ಪಂದದ ಕಾಗದ ಹೋಗುತ್ತಿದ್ದದ್ದು ಆ ಮದರಾಸಿನ ಕಛೇರಿಗೇ. ಆಗ ಅವರ ಹೆಸರು ನಮಗೆ ಯಾರೂ ಹೇಳಿರಲಿಲ್ಲ.

ಇದೆಲ್ಲ ಮುಂಬಯಿ ಮದರಾಸುಗಳ ಮಾತಾಯಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳಿಗೆ ಚಾರ್ಟರ್ಡ್ ಅಕೌಂಟೆಂಟರ ಅಗತ್ಯವೇ ಬಹಳ ಕಾಲ ಅಷ್ಟಾಗಿ ಬೀಳಲಿಲ್ಲ. ನಮ್ಮಲ್ಲಿ ದೊಡ್ಡ ಕಂಪನಿಗಳು ಕಡಿಮೆ. ಇದ್ದದ್ದು ಹತ್ತಿ, ಶೇಂಗಾ, ಅಡಿಕೆ, ಕೊಬ್ಬರಿ, ದಲಾಲಿ ಮಂಡಿಗಳು, ಸಹಕಾರ ಸಂಘಗಳು. ಸಂಘಗಳ ಲೆಕ್ಕವನ್ನು ಸರ್ಕಾರದ ಲೆಕ್ಕಪರಿಶೋಧಕರು ನೋಡುತ್ತಿದ್ದರು. ಮಂಡಿಯ ಲೆಕ್ಕವನ್ನು ಗುಮಾಸ್ತರು ಬರೆದು, ಸೇಲ್ಸ್ ಟ್ಯಾಕ್ಸ್ ಪ್ರಾಕ್ಟೀಷನರು ಅರ್ಜಿ ತುಂಬಿದರೆ ಮುಗಿಯಿತು. ದೊಡ್ಡ ಕೆಲಸವಿದ್ದರೆ ದಾವಣಗೆರೆ. ಅದು 1997ರವರೆಗೆ ನಮ್ಮ ಜಿಲ್ಲೆಯೇ ಆಗಿತ್ತು.

ಇದನ್ನು ಬದಲಾಯಿಸಿದ್ದು 1984ರ ಕೇಂದ್ರ ಬಜೆಟ್ಟಿನ ಒಂದು ಸಣ್ಣ ಕಲಂ. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ವಹಿವಾಟು ಇರುವ ವ್ಯಾಪಾರಿ ಆದಾಯ ತೆರಿಗೆಗಾಗಿ ತನ್ನ ಲೆಕ್ಕವನ್ನು ಚಾರ್ಟರ್ಡ್ ಅಕೌಂಟೆಂಟರಿಂದ ಪರಿಶೋಧನೆ ಮಾಡಿಸಬೇಕು ಎಂದು ಅದು ಹೇಳಿತು. ಅಡಿಕೆ ವ್ಯಾಪಾರದಲ್ಲಿ 40 ಲಕ್ಷವೆಂದರೆ ಹೆಚ್ಚೇನೂ ಅಲ್ಲ. ಭೀಮಸಮುದ್ರದ ಮಂಡಿಯವರು, ಹತ್ತಿ ಜಿನ್ನಿಂಗ್ ಮಿಲ್ಲಿನವರು, ಎಣ್ಣೆ ಮಿಲ್ಲಿನವರು ಎಲ್ಲರಿಗೂ ಆಡಿಟರ ಸಹಿ ಬೇಕಾಯಿತು. ಅದರ ಬೆನ್ನಿಗೇ ಇನ್ನೊಂದು ಬದಲಾವಣೆ. ಅಲ್ಲಿಯತನಕ ವ್ಯಾಪಾರಿ ತನಗೆ ಬೇಕಾದಾಗ ವರ್ಷ ಮುಗಿಸಬಹುದಿತ್ತು. ದೀಪಾವಳಿಗೆ ಹಳೇ ಖಾತೆ ಮುಚ್ಚಿ, ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು. 1989ರಿಂದ ಎಲ್ಲರ ವರ್ಷವೂ ಮಾರ್ಚ್ 31ಕ್ಕೇ ಮುಗಿಯಬೇಕೆಂದಾಯಿತು. ಪೂಜೆ ದೀಪಾವಳಿಗೇ ಉಳಿಯಿತು, ಲೆಕ್ಕ ಯುಗಾದಿಯ ಹತ್ತಿರಕ್ಕೆ ಬಂತು. ಎಲ್ಲರ ಕೆಲಸವೂ ಒಟ್ಟಿಗೇ ಆಡಿಟರ ಮೇಜಿನ ಮೇಲೆ ಬಿತ್ತು. ಒಬ್ಬರಿಂದ ಆಗದ ಕೆಲಸ. ಸಣ್ಣ ಊರಿನ ಆಡಿಟರಿಗೂ ಆರ್ಟಿಕಲ್ ಹುಡುಗರು ಬೇಕಾದರು. ಹುಡುಗರು ಸಾಲದೆ ಬಂದಾಗ ಹುಡುಗಿಯರ ಅರ್ಜಿಯನ್ನೂ ಒಡೆದು ಓದಿದರು.

ನಾನು ಬಿ.ಕಾಂ. ಮುಗಿಸಿದ್ದು ಅದೇ 1989ರಲ್ಲಿ. ಮನೆ ಹೊಳಲ್ಕೆರೆ, ಕಾಲೇಜು ದುರ್ಗ. ಆರ್ಟಿಕಲ್ ಹುಡುಕುವುದಕ್ಕೆ ಆಗ ಇದ್ದ ದಾರಿ ಎರಡೇ: ಗೊತ್ತಿದ್ದವರ ಮೂಲಕ ಹೇಳಿಸುವುದು, ಇಲ್ಲವೇ ಅಂಚೆಯಲ್ಲಿ ಅರ್ಜಿ ಹಾಕುವುದು. ನಮ್ಮ ಮನೆಯಲ್ಲಿ ವ್ಯಾಪಾರಸ್ಥರಿಲ್ಲದ್ದರಿಂದ ಹೇಳಿಸುವುದಕ್ಕೆ ಯಾರೂ ಇರಲಿಲ್ಲ. ಬೋರ್ಡು ನೋಡಿ ವಿಳಾಸ ಬರೆದುಕೊಂಡು ಬಂದು ಎಂಟು ಅರ್ಜಿ ಹಾಕಿದೆ. ಬಂದ ಉತ್ತರ ಎರಡು. ಒಂದರಲ್ಲಿ ಜಾಗವಿಲ್ಲ ಎಂದಿತ್ತು. ಅದು ಸುಳ್ಳಿರಲಿಕ್ಕಿಲ್ಲ. ಒಬ್ಬ ಆಡಿಟರು ಎಷ್ಟು ಜನ ಆರ್ಟಿಕಲ್‌ಗಳನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಅವರ ಅನುಭವದ ವರ್ಷಗಳ ಮೇಲೆ ಮಿತಿ ಇದೆ. ಇನ್ನೊಬ್ಬರು ಬರಹೇಳಿದರು. ದೊಡ್ಡ ಊರು, ದೊಡ್ಡ ಆಫೀಸು. ನಾನು, ನಮ್ಮ ಸೋದರಮಾವ ಹೋದೆವು. ಅವರು ಮಾತಾಡಿದ್ದೆಲ್ಲ ಮಾವನ ಹತ್ತಿರವೇ.

“ಹುಡುಗಿ ಜಾಣೆ ಇರಬಹುದು, ಮಾರ್ಕ್ಸ್ ಕಾಣಿಸ್ತದೆ. ಆದ್ರೆ ಸ್ಟಾಕು ತಗಳಾಕೆ ಮಿಲ್ಲಿಗೆ ಕಳಿಸ್ಬೇಕಾಗ್ತದೆ. ರಾತ್ರಿ ಹತ್ತಾಗ್ತದೆ, ಹನ್ನೊಂದಾಗ್ತದೆ. ಯಾರು ಜವಾಬ್ದಾರಿ? ಮೂರು ವರ್ಷದಾಗೆ ಮದುವೆ ಮಾಡದೆ ಇರ್ತೀರಾ ನೀವು?”

ಮಾವನಿಗೆ ಉತ್ತರ ಹೊಳೆಯಲಿಲ್ಲ. ಆ ಮಾತಿನಲ್ಲಿ ಸಿಟ್ಟಾಗಲಿ ಕೊಂಕಾಗಲಿ ಇರಲಿಲ್ಲ. ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಹೇಳಿದರು. ನನಗೆ ಅದೇ ಹೆಚ್ಚು ನೋವಾದದ್ದು.

ಕೊನೆಗೆ ದುರ್ಗದಲ್ಲೇ ಒಬ್ಬರು ತೆಗೆದುಕೊಂಡರು. ಅವರು ಕೇಳಿದ್ದು ಬಹಳ ಕಡಿಮೆ. ಒಂದು ಹಾಳೆ ಮುಂದೆ ತಳ್ಳಿ, ನಲವತ್ತು ಸಾಲಿನ ಅಂಕಿಗಳನ್ನು ಮೇಲಿಂದ ಕೆಳಕ್ಕೆ ಕೂಡಿಸಿದರು, ಆಮೇಲೆ ಕೆಳಗಿಂದ ಮೇಲಕ್ಕೆ ಕೂಡಿಸಿದರು. ಎರಡೂ ಮೊತ್ತ ಒಂದೇ ಬಂತು. “ಸೋಮವಾರದಿಂದ ಬಾರಮ್ಮ, ಬರೋವಾಗ ಬುತ್ತಿ ತಂದ್ಕೊ” ಎಂದರು. ಸ್ಟಾಂಪ್ ಕಾಗದದ ಮೇಲೆ ಒಪ್ಪಂದವಾಯಿತು. ಗುರು ಕಲಿಸಬೇಕು, ಶಿಷ್ಯೆ ಕಕ್ಷಿಗಾರರ ಗುಟ್ಟನ್ನು ಹೊರಗೆ ಬಿಡಬಾರದು, ಇತ್ಯಾದಿ. ಮಂಡಿಯ ಹುಡುಗನಿಗೂ ನನಗೂ ಇದ್ದ ದೊಡ್ಡ ವ್ಯತ್ಯಾಸ ಆ ಕಾಗದ. ಕೆಲಸ ಅವನದರಷ್ಟೇ ಬೇಸರದ್ದಾಗಿರಬಹುದು, ಆದರೆ ನಾನು ಅಲ್ಲಿ ಇದ್ದೇನೆಂದು ಮದರಾಸಿನ ಒಂದು ರಿಜಿಸ್ಟರಿನಲ್ಲಿ ಬರೆದಿತ್ತು.

ಇನ್ನೂ ಎರಡು ನಿಯಮಗಳನ್ನು ಹೇಳಬೇಕು, ಏಕೆಂದರೆ ಇವು ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರವನ್ನು ಯಾರೂ ಬರೆದಿಟ್ಟಿಲ್ಲ. 1988ರ ಚಾರ್ಟರ್ಡ್ ಅಕೌಂಟೆಂಟರ ನಿಯಮಾವಳಿಯಲ್ಲಿ ಗುರುವಾದವನು ಶಿಷ್ಯರಿಂದ ಪ್ರೀಮಿಯಂ ತೆಗೆದುಕೊಳ್ಳುವಂತಿಲ್ಲ ಎಂದಿದೆ. ಸಾಲ, ಠೇವಣಿ ಎಂಬ ನೆಪದಲ್ಲೂ ಇಲ್ಲ. ಬದಲಿಗೆ ತಿಂಗಳು ತಿಂಗಳು ಸ್ಟೈಪೆಂಡು ಕೊಡಬೇಕು. ಅದನ್ನು ಕ್ರಾಸ್ ಮಾಡಿದ ಚೆಕ್ಕಿನಲ್ಲಿ ಕೊಡಬೇಕು, ಅಥವಾ ಶಿಷ್ಯರ ಸ್ವಂತ ಹೆಸರಿನ ಬ್ಯಾಂಕ್ ಖಾತೆಗೆ ಹಾಕಬೇಕು. ಕೈಗೆ ನಗದು ಕೊಟ್ಟು ಸಹಿ ಹಾಕಿಸಿಕೊಳ್ಳುವ ಹಾಗಿಲ್ಲ, ಅಪ್ಪನ ಖಾತೆಗೆ ಹಾಕುವ ಹಾಗೂ ಇಲ್ಲ. ಮೊತ್ತ ಬಲು ಸಣ್ಣದು, ನನ್ನ ಬಸ್ಸಿನ ಖರ್ಚು ಕಳೆದರೆ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೂ ನಮ್ಮ ಮನೆತನದಲ್ಲಿ ಸ್ವಂತ ಪಾಸ್‌ಬುಕ್ ಇದ್ದ ಮೊದಲ ಹೆಂಗಸು ನಾನೇ. ಅಮ್ಮ ಅದನ್ನು ದೇವರ ಮನೆಯ ಗೂಡಿನಲ್ಲಿ ಪಂಚಾಂಗದ ಪಕ್ಕ ಇಟ್ಟಿದ್ದರು.

ಕೆಲಸವೆಂದರೆ ಹಸಿರು ಪೆನ್ಸಿಲು, ಕೆಂಪು ಪೆನ್ಸಿಲು. ವೋಚರು ನೋಡುವುದು, ಕಿರ್ದಿಯ ಎದುರು ಗೆರೆ ಎಳೆಯುವುದು, ಮತ್ತೆ ವೋಚರು. ತಿಂಗಳುಗಟ್ಟಲೆ ಇದೇ. ಇದರ ನಡುವೆ ಸ್ಟಾಕು ನೋಡುವುದಕ್ಕೆ ಹೊರಗೆ ಹೋಗುವ ದಿನವೆಂದರೆ ಹಬ್ಬ. ನಮ್ಮ ಆಡಿಟರು ಅದಕ್ಕೊಂದು ಸರಳ ಉಪಾಯ ಕಂಡುಕೊಂಡರು. ನನ್ನನ್ನು ಬೆಳಗಿನ ಏಳರ ಬಸ್ಸಿಗೆ ಕಳಿಸಿ ಸಂಜೆ ಐದಕ್ಕೆ ಹಿಂದಕ್ಕೆ ಬರುವಂತೆ ಮಾಡಿದರು, ಅಷ್ಟೆ. ಗೋದಾಮಿನ ಮೂಟೆಗಳನ್ನು ಹಗಲಿನಲ್ಲಿ ಎಣಿಸಿದರೂ ಸಂಖ್ಯೆ ಅದೇ ಬರುತ್ತದೆ ಎಂಬುದು ಆ ದೊಡ್ಡ ಊರಿನ ಆಫೀಸಿಗೆ ಯಾಕೆ ಹೊಳೆದಿರಲಿಲ್ಲವೋ!

ಅಡಿಕೆಯ ಮಂಡಿಯೊಂದಕ್ಕೆ ಹೋಗಿದ್ದೆ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳಬೇಕು. ಯಜಮಾನರು ನನ್ನನ್ನು ನೋಡಿ, “ಲೆಕ್ಕ ನೋಡಾಕೆ ನೀನು ಬಂದೀಯೇನವ್ವಾ? ಕುಂತ್ಕ, ಮೊದ್ಲು ಕಾಫಿ ಕುಡಿ” ಎಂದು ಮಗಳಿಗೆ ಹೇಳುವಂತೆ ಹೇಳಿದರು. ಪುಸ್ತಕಗಳನ್ನೆಲ್ಲ ತಂದಿಟ್ಟರು. ಅದರಲ್ಲಿ ಕೂಲಿ ಪುಸ್ತಕವೊಂದಿತ್ತು. ಅಡಿಕೆ ಸುಲಿಯುವವರು, ಆರಿಸುವವರು ಎಲ್ಲ ಹೆಂಗಸರು. ಪುಟ ಪುಟಕ್ಕೂ ಹೆಸರು, ಮೊತ್ತ, ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು. ಅಷ್ಟು ಪುಸ್ತಕಗಳಲ್ಲಿ ನನಗೆ ಹೆಂಗಸರ ಹೆಸರು ಸಿಕ್ಕಿದ್ದು ಅದೊಂದರಲ್ಲೇ. ಹಸಿರು ಗೆರೆ ಎಳೆಯುತ್ತ ಕೂತಿದ್ದಾಗ, ಆರಿಸುತ್ತಿದ್ದವರಲ್ಲಿ ಒಬ್ಬಾಕೆ ಎದ್ದು ಬಂದು ಬಾಗಿಲ ಹತ್ತಿರ ನಿಂತಳು.

“ನನ್ನ ಹೆಸ್ರು ಎಲ್ಲೈತೆ ತೋರ್ಸವ್ವ.”

ತೋರಿಸಿದೆ. ಆಕೆ ಅಕ್ಷರದ ಮೇಲೆ ಬೆರಳಿಟ್ಟು ನೋಡಿ, “ಎಷ್ಟಂತ ಬರ್ದವ್ರೆ?” ಎಂದಳು. ಮೊತ್ತ ಹೇಳಿದೆ. ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು, “ಸರಿಯೈತೆ” ಎಂದು ಹೋದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಯಜಮಾನರೂ ಸುಮ್ಮನಿದ್ದರು. ಆಡಿಟರ್ ಎಂದರೆ ಲೆಕ್ಕ ಕೇಳಿಸಿಕೊಳ್ಳುವವನು ಎಂದು ಲ್ಯಾಟಿನ್ ಭಾಷೆಯ ಮೂಲಾರ್ಥ. ಹಿಂದೆ ಯುರೋಪಿನಲ್ಲಿ ಓದಲು ಬಾರದ ಜಮೀನ್ದಾರರ ಮುಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ನಾನು ಅವತ್ತು ಓದಿ ಹೇಳಿದ್ದು ಅಡಿಕೆ ಆರಿಸುವವರ ಮುಂದೆ.

ನನ್ನ ಜೊತೆಗೆ, ನನ್ನ ಹಿಂದೆಮುಂದೆ ಆರ್ಟಿಕಲ್ ಸೇರಿದ ಹುಡುಗಿಯರಲ್ಲಿ ಕೆಲವರು ಪರೀಕ್ಷೆ ಮುಗಿಸಿ ಬೆಂಗಳೂರು ಸೇರಿದರು. ಕೆಲವರು ಮದುವೆಯಾಗಿ ಅರ್ಧಕ್ಕೇ ನಿಂತರು. ನಾನು ಅವಧಿ ಪೂರೈಸಿ, ಎಂ.ಕಾಂ. ಮಾಡಿ ಪಾಠ ಹೇಳುವ ಕೆಲಸಕ್ಕೆ ಬಂದೆ. ಅರ್ಧಕ್ಕೆ ನಿಂತವರದ್ದೂ ವ್ಯರ್ಥವಾಯಿತೆಂದು ನನಗನ್ನಿಸುವುದಿಲ್ಲ. ಹಿರಿಯೂರಿನಲ್ಲಿ ಒಬ್ಬಾಕೆ ಮನೆಯಲ್ಲೇ ಕೂತು ಐದಾರು ಅಂಗಡಿಗಳ ಲೆಕ್ಕ ಬರೆಯುತ್ತಿದ್ದರು. ಬೆಂಗಳೂರಿನಲ್ಲಿ 1986ರಲ್ಲಿ ಗೋಯೆಂಕಾ ತಂದೆ ಮಗ ಶುರುಮಾಡಿದ ಕಂಪನಿಯ ಟ್ಯಾಲಿ ನಮ್ಮ ಕಡೆಗೂ ಬಂದಾಗ, ಅದನ್ನು ಮೊದಲು ಕಲಿತವರಲ್ಲಿ ಆಕೆಯೂ ಒಬ್ಬರು. ಆಮೇಲೆ 2005ರಲ್ಲಿ ವ್ಯಾಟ್, 2017ರ ಜುಲೈ 1ರಂದು ಜಿ.ಎಸ್.ಟಿ. ಒಂದೊಂದು ತೆರಿಗೆ ಬದಲಾದಾಗಲೂ ಅಂಗಡಿಯವರು ಬೈದುಕೊಳ್ಳುತ್ತಾರೆ, ಲೆಕ್ಕ ಬರೆಯುವವರಿಗೆ ಕೆಲಸ ಹೆಚ್ಚುತ್ತದೆ. ಈಗ ನಮ್ಮೂರುಗಳ ತೆರಿಗೆ ಸಲಹೆಗಾರರ ಆಫೀಸಿಗೆ ಹೋಗಿ ನೋಡಿ, ಕಂಪ್ಯೂಟರಿನ ಮುಂದೆ ಕೂತವರಲ್ಲಿ ಹುಡುಗಿಯರೇ ಹೆಚ್ಚಾಗಿ ಕಾಣುತ್ತಾರೆ.

ಕಾಲೇಜಿನಲ್ಲಿ ಅರ್ಜಿ ಬರೆಸುವ ಕೆಲಸ ನನ್ನ ಮೇಲೆ ಬಿತ್ತು. ನಮ್ಮ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದಿಂದ 1987ರಲ್ಲಿ ಹುಟ್ಟಿದ ಕುವೆಂಪುವಿಗೆ, 2009ರಲ್ಲಿ ಹುಟ್ಟಿದ ದಾವಣಗೆರೆಗೆ ದಾಟಿಕೊಂಡವು. ವಿಶ್ವವಿದ್ಯಾನಿಲಯ ಬದಲಾದರೂ ಮಕ್ಕಳು ಅರ್ಜಿಯಲ್ಲಿ ಬರೆಯುತ್ತಿದ್ದ ಮೊದಲ ಸಾಲು ಬದಲಾಗಲಿಲ್ಲ: ತಾನು ಬಡ ಕುಟುಂಬದವಳು, ದಯವಿಟ್ಟು ಅವಕಾಶ ಕೊಡಬೇಕು. ಅದನ್ನು ಹೊಡೆದುಹಾಕಿಸುತ್ತೇನೆ. ಯಾವ ಪರೀಕ್ಷೆ ಪಾಸಾಗಿದೆ, ಯಾವಾಗಿನಿಂದ ಬರಬಲ್ಲೆ, ಟ್ಯಾಲಿ ಬರುತ್ತದೆಯೇ, ಯಾವ ವ್ಯಾಪಾರದ ಲೆಕ್ಕ ನೋಡಿ ಗೊತ್ತಿದೆ, ಇಷ್ಟು ಸಾಕು. ಹೊಸದುರ್ಗದ ತೆಂಗಿನ ತೋಟದ ಮನೆಯ ಹುಡುಗಿಗೆ ಕೊಬ್ಬರಿಯ ಪಟ್ಟಿ ಓದಲು ಬರುತ್ತದೆ. ತೂಕ ಎಷ್ಟು ಕಳೆದಿದ್ದಾರೆ, ದಲಾಲಿ ಎಷ್ಟು, ಹಮಾಲಿ ಎಷ್ಟು ಎಂದು ಅವಳು ಅಪ್ಪನಿಗೆ ಹೇಳಬಲ್ಲಳು. ಅದನ್ನು ಬರೆಯುವುದಕ್ಕೆ ಅವಳಿಗೆ ನಾಚಿಕೆ. ಬರೆ ಎಂದು ಗದರಬೇಕಾಗುತ್ತದೆ.

2023ರಿಂದ ನಿಯಮ ಮತ್ತೆ ಬದಲಾಗಿದೆ. ಇಂಟರ್‌ಮೀಡಿಯೇಟಿನ ಎರಡೂ ಗ್ರೂಪು ಪಾಸಾದ ಮೇಲೆಯೇ ಆರ್ಟಿಕಲ್. ಅವಧಿ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ, ಸ್ಟೈಪೆಂಡು ಏರಿದೆ. ಮದುವೆಯ ಮಾತೆತ್ತುವವರಿಗೆ ಎರಡು ವರ್ಷ ತಡೆಯಿರಿ ಎನ್ನುವುದು ಮೂರು ವರ್ಷ ತಡೆಯಿರಿ ಎನ್ನುವುದಕ್ಕಿಂತ ಸುಲಭ. ಆದರೆ ಸ್ಟೈಪೆಂಡಿನ ಕನಿಷ್ಠ ದರ ಮಾತ್ರ ಈಗಲೂ ಊರಿನ ಜನಸಂಖ್ಯೆಯ ಮೇಲೆ ನಿಂತಿದೆ. 20 ಲಕ್ಷ ದಾಟಿದ ಊರಿಗೆ ಒಂದು, 4 ಲಕ್ಷದಿಂದ 20 ಲಕ್ಷದವರೆಗೆ ಇನ್ನೊಂದು, 4 ಲಕ್ಷದೊಳಗಿನ ಊರಿಗೆ ಎಲ್ಲಕ್ಕಿಂತ ಕಡಿಮೆ. 2011ರ ಜನಗಣತಿಯಲ್ಲಿ ದಾವಣಗೆರೆ 4 ಲಕ್ಷ ದಾಟಿತ್ತು, ಚಿತ್ರದುರ್ಗ ಒಂದೂವರೆ ಲಕ್ಷವನ್ನೂ ಮುಟ್ಟಿರಲಿಲ್ಲ. ದುರ್ಗದಲ್ಲಿ ಬಾಡಿಗೆ ಕಡಿಮೆ, ಊಟ ಕಡಿಮೆ ಎಂದು ಈ ಲೆಕ್ಕ ಹಾಕಿದವರ ಎಣಿಕೆ ಇರಬೇಕು. ಹಳ್ಳಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುವವಳು ಅವರ ಎಣಿಕೆಯಲ್ಲಿ ಇದ್ದಂತಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟು ಇಲ್ಲವಾಯಿತು. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳು ಮೊದಲಿಂದಲೂ ಜಾಸ್ತಿ, ಅವಕ್ಕೆ ಈ ಯೋಜನೆ ಅನ್ವಯಿಸದು. ಹೊಸದುರ್ಗದ ಕಡೆಯ ವಿದ್ಯಾರ್ಥಿನಿಯೊಬ್ಬಳು ಇತ್ತೀಚೆಗೆ ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು. ಬೆಂಗಳೂರಿಗೆ ಹೋದರೆ ಸ್ಟೈಪೆಂಡು ಇಷ್ಟು, ಪಿ.ಜಿ.ಗೆ ಇಷ್ಟು. ದಾವಣಗೆರೆಯಾದರೆ ಇಷ್ಟು. ದುರ್ಗವಾದರೆ ಬೆಳಿಗ್ಗೆ ಖಾಸಗಿ ಬಸ್ಸು, ಸಂಜೆ ಸರ್ಕಾರಿ ಬಸ್ಸು, ಮಧ್ಯಾಹ್ನಕ್ಕೆ ಬುತ್ತಿ. ಮೇಲಿಂದ ಕೆಳಕ್ಕೂ ಕೂಡಿದ್ದಳು, ಕೆಳಗಿಂದ ಮೇಲಕ್ಕೂ ಕೂಡಿ ಪಕ್ಕದಲ್ಲಿ ಗೆರೆ ಎಳೆದಿದ್ದಳು.

“ದುರ್ಗದಾಗೇ ಸೇರ್ಕಂತೀನಿ ಮಿಸ್” ಎಂದಳು. “ಮೊದಲ್ನೇ ವರ್ಷ ಕೈಯಿಂದ ಹೋಗ್ತದೆ. ಎರಡನೇ ವರ್ಷ ಸರಿಸಮ ಆಗ್ತದೆ. ಅಪ್ಪಂಗೆ ತೋರ್ಸಿದೀನಿ, ಹೂಂ ಅಂದಿದಾರೆ.”

ಅವಳ ಅರ್ಜಿಯನ್ನು ಇಬ್ಬರು ಆಡಿಟರಿಗೆ ಕಳಿಸಿದೆವು. ಒಬ್ಬರು ಸೋಮವಾರ ಬರಹೇಳಿದ್ದಾರೆ.